ಶಾಂತಿಯ ಪ್ರಬಂಧ ಮತ್ತು ಗಿರಿಜಮ್ಮನ ಖಾಲಿ ಡಬ್ಬಿ

ಶಾಂತಿಯ ಬಗ್ಗೆ ಬರೆಯುವುದಕ್ಕೆ ತುಮಕೂರಿನಲ್ಲಿ ನನಗಿಂತ ಕ್ವಾಲಿಫೈಡ್ ಹೆಂಗಸು ಇನ್ನೊಬ್ಬಳಿಲ್ಲ ಎಂದು ನಾನು ಮನಃಪೂರ್ವಕವಾಗಿ ನಂಬಿದ್ದೆ. ನಾನು ಯಾರ ಮೇಲೂ ಕೂಗಾಡುವವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಸಿಟ್ಟು ಬಂದರೆ ‘ಎಕ್ಸ್‌ಕ್ಯೂಸ್ ಮಿ’ ಅನ್ನುತ್ತೇನೆ. ತುಂಬಾ ಸಿಟ್ಟು ಬಂದರೆ ಅದನ್ನೇ ಇನ್ನೊಂದು ಸಲ ಅನ್ನುತ್ತೇನೆ. ನಮ್ಮ ಯಜಮಾನರ ಜೊತೆ ಇಷ್ಟು ವರ್ಷದಲ್ಲಿ ಎಷ್ಟೋ ಜಗಳ ಆಡಿದ್ದೇನೆ, ಒಂದೂ ಅವರ ಗಮನಕ್ಕೆ ಬಂದಿಲ್ಲ. ಅಷ್ಟು ಸಾಫ್ಟ್ ಆಗಿ ಆಡಿದ್ದೇನೆ.

ಹೀಗೆ ಶಾಂತವಾಗಿದ್ದ ನನ್ನ ಬಾಳಿಗೆ ಕುಣಿಗಲ್‌ನಿಂದ ಸ್ಟೆಲ್ಲಾಳ ಫೋನ್ ಬಂತು. ಸ್ಟೆಲ್ಲಾ ನನ್ನ ಸ್ಕೂಲಿನ ಗೆಳತಿ. ಹೆಡ್‌ಮಿಸ್ಸಾಗಿ ರಿಟೈರಾಗಿದ್ದಾಳೆ, ಆದರೆ ಅವಳ ಗಂಟಲು ಇನ್ನೂ ರಿಟೈರಾಗಿಲ್ಲ. ನಮ್ಮ ಹಳೇ ವಿದ್ಯಾರ್ಥಿನಿಯರ ಸುವನೀರ್ ಸಂಚಿಕೆಗೆ ಅವಳೇ ಎಡಿಟರ್.

“ಲೀಲಾ, ಈ ಸಲದ ಥೀಮು ಪೀಸ್. ನೀನೊಂದು ಪರ್ಸನಲ್ ಎಸ್ಸೇ ಬರೆದುಕೊಡೇ. ಕನ್ನಡದಲ್ಲಿ.”

“ಕನ್ನಡದಲ್ಲಾ? ನಾನಾ?”

“ಇಂಗ್ಲಿಷ್ ಪೇಜಿಗೆ ಎಲ್ಲರೂ ಕ್ಯೂ ನಿಂತಿದ್ದಾರೆ ಕಣೇ. ಕನ್ನಡಕ್ಕೆ ಒಂದು ನರಪಿಳ್ಳೆ ಇಲ್ಲ.”

ನಮ್ಮ ಕಾಲದಲ್ಲಿ ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಸ್ಟೆಲ್ಲಾಳೂ ನಾನೂ ಅಕ್ಕಪಕ್ಕದ ಬೆಂಚಿನ ಮೇಲೆ ನಿಂತು, ಅಷ್ಟು ಎತ್ತರದಿಂದ ಕಿಟಕಿಯಾಚೆಯ ಹುಣಸೇಮರ ಚೆನ್ನಾಗಿ ಕಾಣುತ್ತೆ ಅಂತ ಕನ್ನಡದಲ್ಲೇ ಪಿಸುಗುಟ್ಟಿಕೊಂಡು, ಮತ್ತೆ ಸಿಕ್ಕಿಬೀಳುತ್ತಿದ್ದೆವು. ಈಗ ಅದೇ ಕನ್ನಡಕ್ಕೆ ಜನ ಬೇಕಂತೆ.

“ಪರ್ಸನಲ್ ಅಂದ್ರೆ ಪರ್ಸನಲ್,” ಎಂದಳು ಸ್ಟೆಲ್ಲಾ. “ಭಾಷಣ ಬೇಡ. ನಿನ್ನ ಮನೆ, ನಿನ್ನ ಬೀದಿ. ಗೊತ್ತಾಯ್ತಾ?”

“ಯೆಸ್ ಮಿಸ್,” ಅಂದೆ.

ಮಾರನೇ ದಿನವೇ ಸಿದ್ಧತೆ ಶುರುವಾಯಿತು. ಕಿಟಕಿ ಪಕ್ಕಕ್ಕೆ ಟೇಬಲ್ ಎಳೆಸಿದೆ. ಕಸೂತಿಯ ಟೇಬಲ್ ಕ್ಲಾತ್ ಹಾಸಿದೆ. ರೂಮಿನ ಬಾಗಿಲಿಗೆ ‘ಸೈಲೆನ್ಸ್ ಪ್ಲೀಸ್’ ಎಂದು ಬೋರ್ಡ್ ತೂಗುಹಾಕಿದೆ. ನಮ್ಮ ಯಜಮಾನರು ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಸರ್ವೀಸೆಲ್ಲ ಮೆಷೀನುಗಳ ಜೊತೆ ಕಳೆದವರು. ಈಗಲೂ ಪಕ್ಕದಲ್ಲೊಂದು ಮೆಷೀನು ಓಡುತ್ತಿದೆ ಅನ್ನುವ ಹಾಗೇ ಮಾತಾಡುತ್ತಾರೆ. ಬೋರ್ಡ್ ನೋಡಿ ಗಾಬರಿಯಾದರು.

“ಯಾರಿಗೇ ಹುಷಾರಿಲ್ಲ?”

“ಎಲ್ಲರೂ ಹುಷಾರಾಗಿದ್ದಾರೆ. ನಾನು ಶಾಂತಿ ಬಗ್ಗೆ ಬರೀತಿದೀನಿ. ಸದ್ದು ಮಾಡಬೇಡಿ.”

“ನಾನೆಲ್ಲಿ ಸದ್ದು ಮಾಡ್ದೆ?” ಎಂದು ಬೀದಿಗೆಲ್ಲ ಕೇಳುವಂತೆ ಕೇಳಿ, ಪೇಪರ್ ಕಂಕುಳಲ್ಲಿಟ್ಟುಕೊಂಡು ಪಕ್ಕದ ಮನೆಯ ಜಗಲಿಗೆ ಹೋದರು. ಅಲ್ಲಿ ಅವರಿಗೆ ಕಾಫಿಯೂ ಸಿಗುತ್ತೆ.

ಬರೆಯಲು ಕೂತೆ. ‘ಶಾಂತಿ ಎಂದರೆ’ ಎಂದು ಬರೆದೆ. ಅದರ ಮುಂದೆ ಏನು ಬರುತ್ತೆ ಅಂತ ಗೊತ್ತಾಗಲಿಲ್ಲ. ಕಾಫಿ ಕುಡಿದು ಬಂದು ನೋಡಿದೆ, ‘ಶಾಂತಿ ಎಂದರೆ’ ಅಲ್ಲೇ ಕೂತಿತ್ತು. ಸ್ಕೂಲಿನಿಂದ ಹುತ್ರಿದುರ್ಗಕ್ಕೆ ಎಕ್ಸ್‌ಕರ್ಷನ್ ಹೋಗಿದ್ದು ನೆನಪಾಯಿತು. ಬೆಟ್ಟದ ತುದಿಯಲ್ಲಿ ಸಿಸ್ಟರ್ ನಮ್ಮನ್ನೆಲ್ಲ ಕೂರಿಸಿ, ಕಣ್ಣು ಮುಚ್ಚಿ ಪೀಸ್ ಅನ್ನು ಕೇಳಿಸಿಕೊಳ್ಳಿ ಎಂದಿದ್ದರು. ಕೇಳಿಸಿಕೊಂಡೆವು. ಗಾಳಿ ಬೀಸುತ್ತಿತ್ತು, ಕೆಳಗೆಲ್ಲೋ ಯಾರೋ ದನ ಕೂಗಿ ಕರೆಯುತ್ತಿದ್ದರು. ಎಷ್ಟು ಚೆನ್ನಾಗಿತ್ತು ಅಂದರೆ ನನಗೆ ಅಳು ಬಂದಿತ್ತು. ಕಣ್ಣು ಬಿಟ್ಟಾಗ ಟಿಫನ್ ಬುಟ್ಟಿ ಕೋತಿಗಳ ವಶವಾಗಿತ್ತು. ಶಾಂತಿಯ ಬಗ್ಗೆ ನನಗೆ ಸಿಕ್ಕ ಮೊದಲನೇ ಎಚ್ಚರಿಕೆ ಅದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಹೊಳೆಯಿತು. ಪರ್ಸನಲ್ ಅಂದಳಲ್ಲ ಸ್ಟೆಲ್ಲಾ! ಗಿರಿಜಮ್ಮ ಇರುವಾಗ ನಾನು ಬೆಟ್ಟ ಯಾಕೆ ಹತ್ತಬೇಕು?

ಗಿರಿಜಮ್ಮ ನಮ್ಮ ಪಕ್ಕದ ಮನೆಯವರು. ತವರು ಊರ್ಡಿಗೆರೆ. ಯಜಮಾನರದು ಕೊಬ್ಬರಿ ವ್ಯಾಪಾರ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡು ಗೇಟಿನ ಹತ್ತಿರ ಬಂದು ನಿಂತರೆ ನಮ್ಮ ಬೀದಿಯ ದಿನ ಶುರುವಾಯಿತು ಅಂತ ಅರ್ಥ. ಅವರ ದನಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. ಬೀದಿಯಲ್ಲಿ ಜಗಳ ಹತ್ತಿದರೆ ಅವರು ಬಿಡಿಸುವುದಕ್ಕೆ ಹೋಗುವುದಿಲ್ಲ. ನಡುವೆ ಹೋಗಿ ನಿಂತು, “ಇವತ್ತು ಅವರೇಕಾಯಿ ಎಂಗೈತೆ ರೇಟು?” ಅಂತ ಕೇಳುತ್ತಾರೆ. ಒಬ್ಬರು ಒಂದು ರೇಟ್ ಹೇಳುತ್ತಾರೆ. ಇನ್ನೊಬ್ಬರು ಅಷ್ಟಿಲ್ಲ ಅನ್ನುತ್ತಾರೆ. ಗಿರಿಜಮ್ಮ ಇಬ್ಬರನ್ನೂ ಒಪ್ಪುವುದಿಲ್ಲ. ಸ್ವಲ್ಪ ಹೊತ್ತಿಗೆ ಆ ಇಬ್ಬರೂ ಒಂದಾಗಿ ಗಿರಿಜಮ್ಮನ ಮೇಲೆ ವಾದಕ್ಕೆ ನಿಂತಿರುತ್ತಾರೆ. ಸ್ಕೂಟರ್ ಯಾರ ಗೇಟಿಗೆ ಅಡ್ಡ ನಿಂತಿತ್ತು ಅನ್ನುವುದು ಯಾರಿಗೂ ನೆನಪಿರುವುದಿಲ್ಲ. ನಾನು ಕಿಟಕಿಯಲ್ಲಿ ನಿಂತು ಇದನ್ನು ನೋಡಿದಾಗಲೆಲ್ಲ, ಈ ಹೆಂಗಸನ್ನು ದೊಡ್ಡ ದೊಡ್ಡ ಸಭೆಗಳಿಗೆ ಕಳಿಸಬೇಕಿತ್ತು ಅಂದುಕೊಳ್ಳುತ್ತೇನೆ.

ನಮ್ಮಿಬ್ಬರ ಕಾಂಪೌಂಡ್ ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಬಿದ್ದುಹೋಗಿ ಕಿಂಡಿಯಾಗಿದೆ. ಎರಡೂ ಮನೆಯವರು ಅದನ್ನು ರಿಪೇರಿ ಮಾಡಿಸಿಲ್ಲ, ಯಾಕೆಂದರೆ ಅದು ಡಬ್ಬಿಯ ದಾರಿ. ಮುಚ್ಚಳದ ಮೇಲೆ ಗಿರಿಜಮ್ಮನ ಹೆಸರು ಕೊರೆಸಿರುವ ಸ್ಟೀಲ್ ಡಬ್ಬಿ. ಅದರಲ್ಲಿ ಅಲ್ಲಿಂದ ಹೋಳಿಗೆ ಬರುತ್ತೆ, ಎಳ್ಳುಬೆಲ್ಲದ ಚಿಗಳಿ ಬರುತ್ತೆ, ಅವರೇಕಾಳಿನ ಉಸ್ಲಿ ಬರುತ್ತೆ. ಇಲ್ಲಿಂದ ನನ್ನ ಕೇಕ್ ಹೋಗುತ್ತೆ, ಮೊಟ್ಟೆ ಇಲ್ಲದ್ದು, ಅವರಿಗೆಂದೇ ಮೊಸರು ಹಾಕಿ ಮಾಡಿದ್ದು. ಕೇಕ್ ಮಾಡದ ದಿನ ಒಂದು ಹಿಡಿ ಸಕ್ಕರೆ. ಅದೂ ಇಲ್ಲದ ದಿನ ಅಂಗಳದ ನಾಲ್ಕು ಮಲ್ಲಿಗೆ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ವಾಪಸ್ ಕೊಡಬಾರದು. ಇದನ್ನು ನಮಗೆ ಯಾವ ಸ್ಕೂಲೂ ಕಲಿಸಲಿಲ್ಲ, ಎಲ್ಲರಿಗೂ ಗೊತ್ತಿದೆ.

ಇದನ್ನೇ ಬರೆಯೋಣ ಅಂತ ಕೂತೆ. ಕೈ ಓಡಿತು. ಏನು ಫ್ಲೋ ಅಂತೀರಿ! ನಡುವೆ ಯಜಮಾನರು ಕನ್ನಡಕ ಹುಡುಕಿಕೊಂಡು ಬಂದವರು, “ನಾನು ಮತ್ತೆ ಗಿರಿಜಮ್ಮನವರ ಮನೆಗೆ ಹೋಗ್ತಿದೀನಿ, ಏನಾದ್ರೂ ಹೇಳ್ಬೇಕಾ?” ಅಂದರು. ನಾನು ತಲೆ ಎತ್ತಲಿಲ್ಲ.

“ಸಿಂಕಿನ ಪಕ್ಕ ಅವರ ಡಬ್ಬಿ ತೊಳೆದಿಟ್ಟಿದೀನಿ. ಹಂಗೇ ಕೊಟ್ಟುಬಿಡಿ.”

ಹಂಗೇ ಕೊಟ್ಟುಬಿಟ್ಟರು.

ಆ ಹೊತ್ತಿನಲ್ಲಿ ನಾನು ಬರೆಯುತ್ತಿದ್ದ ವಾಕ್ಯ ಇದು: ‘ಅಂದಿನಿಂದ ಇಂದಿನವರೆಗೆ ಆ ಡಬ್ಬಿ ಒಮ್ಮೆಯೂ ಖಾಲಿಯಾಗಿ ಬಂದಿಲ್ಲ, ಖಾಲಿಯಾಗಿ ಹೋಗಿಲ್ಲ. ನನ್ನ ಪಾಲಿಗೆ ಶಾಂತಿ ಎಂದರೆ ಇದೇ.’ ಬರೆದು, ಪೂರ್ಣವಿರಾಮ ಇಡುವಾಗ ನನಗೇ ಕಣ್ಣಲ್ಲಿ ನೀರು ಬಂತು.

ಊಟಕ್ಕೆ ಬಂದ ಯಜಮಾನರು ಸಾರು ಕಲಸಿಕೊಳ್ಳುತ್ತಾ, “ಗಿರಿಜಮ್ಮನ ಮನೇಲಿ ನೆಂಟರು ಬಂದಿದ್ರು ಕಣೇ. ಗುಬ್ಬಿಯೋರು. ರೂಪಾನ ನೋಡೋಕೆ,” ಅಂದರು. ರೂಪಾ ಗಿರಿಜಮ್ಮನ ಕಿರೀ ಮಗಳು, ಟೀಚರ್. ಎಷ್ಟೋ ದಿನದಿಂದ ಗಿರಿಜಮ್ಮ ಕಾಯುತ್ತಿದ್ದ ಸಂಬಂಧ ಅದು. ಒಳ್ಳೇ ಜನ, ಮಠಕ್ಕೆ ನಡೆದುಕೊಳ್ಳುವವರು, ತುಂಬಾ ಮಡಿವಂತರು. ಮೊಟ್ಟೆ ಬೇಯಿಸುವ ಹೋಟೆಲಿನಲ್ಲಿ ನೀರೂ ಕುಡಿಯುವುದಿಲ್ಲವಂತೆ.

“ಡಬ್ಬಿ ಕೊಟ್ರಾ?”

“ಕೊಟ್ಟೆ. ಎಲ್ಲರ ಮುಂದೇನೇ ಕೊಟ್ಟೆ. ಗಿರಿಜಮ್ಮ ಅವ್ರಿಗೆಲ್ಲ ‘ನಮ್ ಲೀಲಕ್ಕ ಏನಾರ ಕಳ್ಸವ್ರೆ, ಬಾಯಿ ಸಿಹಿ ಮಾಡ್ಕಳಿ’ ಅಂತ ಮುಚ್ಚಳ ತೆಗೆದ್ರು.”

ನಾನು ಸೌಟು ಕೆಳಗಿಟ್ಟೆ. “ಆಮೇಲೆ?”

“ಆಮೇಲೆ ಮುಚ್ಚಿದ್ರು.”

“ಏನಂದ್ರು?”

“ಏನೂ ಅನ್ಲಿಲ್ಲಪ್ಪ. ಗುಬ್ಬಿಯೋರೂ ಏನೂ ಅನ್ಲಿಲ್ಲ. ಎಲ್ರೂ ಸುಮ್ನೆ ಡಬ್ಬಿ ನೋಡಿದ್ರು. ನೀನು ಚೆನ್ನಾಗಿ ತೊಳೆದಿದ್ದೆ, ಫಳಫಳ ಅಂತಿತ್ತು.”

ಮದುವೆ ಮಾತು ನಡೆಯುವ ಮನೆಗೆ, ಹುಡುಗನ ತಾಯಿಯ ಕಣ್ಣೆದುರಿಗೆ, ಫಳಫಳ ಹೊಳೆಯುವ ಖಾಲಿ ಪಾತ್ರೆ! ಯಜಮಾನರು ಇನ್ನೊಂದು ಸೌಟು ಸಾರು ಕೇಳಿದರು.

ಮಾರನೇ ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ನಮ್ಮ ಬೀದಿಗೆ ನೀರು ಬಿಟ್ಟ ತಕ್ಷಣ ಗಿರಿಜಮ್ಮ ಕಿಂಡಿಯಿಂದ, “ಲೀಲಕ್ಕಾ, ನೀರು ಬಂತು, ಮೋಟ್ರು ಹಾಕಿ” ಎಂದು ಕೂಗುವುದು ಪದ್ಧತಿ. ಅವತ್ತು ಕೂಗು ಬರಲಿಲ್ಲ. ನಾನು ಅಂಗಳಕ್ಕೆ ಓಡಿದೆ.

“ಗಿರಿಜಮ್ಮ, ನೀರು ಬಂದಿತ್ತಾ?”

ಅವರು ತುಳಸಿಗೆ ನೀರು ಹಾಕುತ್ತಿದ್ದರು. ತಿರುಗಲಿಲ್ಲ. “ಬಂದಿತ್ತು ಮೇಡಮ್. ಹೋಯ್ತು.”

ಮೇಡಮ್! ಅದುವರೆಗೂ ‘ಲೀಲಕ್ಕ’ ಆಗಿದ್ದವಳು ನಾನು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

“ನಿನ್ನೆ ಡಬ್ಬಿದು... ಐ ಆಮ್ ಸೋ ಸಾರಿ ಗಿರಿಜಮ್ಮ. ನಾನು ಬರೆಯೋದ್ರಲ್ಲಿ ಮುಳುಗಿಹೋಗಿದ್ದೆ. ಶಾಂತಿ ಬಗ್ಗೆ ಒಂದು ಎಸ್ಸೇ...”

“ಬರೀರಿ ಮೇಡಮ್, ಬರೀರಿ. ನಿಮ್ಮೆಜಮಾನ್ರು ಹೇಳಿದ್ರು, ಬಾಗ್ಲಿಗೆ ಬೋರ್ಡ್ ಹಾಕೀರಂತಲ್ಲ. ನಾವು ಸದ್ದು ಮಾಡಲ್ಲ ಬುಡಿ.”

ಮಾತಿಗೆ ತಪ್ಪದ ಹೆಂಗಸು. ಅವತ್ತಿನಿಂದ ಆ ಮನೆಯಿಂದ ಸದ್ದೇ ಬರಲಿಲ್ಲ. ಮಿಕ್ಸಿ ಬಾಗಿಲು ಹಾಕಿಕೊಂಡು ತಿರುಗಿತು. ಹಾಲಿನವನ ಜೊತೆಗಿನ ದಿನನಿತ್ಯದ ವಾದ ಪಿಸುಮಾತಿಗೆ ಇಳಿಯಿತು. ಕುಕ್ಕರ್ ಕೂಡ ಅರ್ಧ ಸೀಟಿ ಹೊಡೆದು ಬಾಯಿ ಮುಚ್ಚಿಕೊಂಡ ಹಾಗಿತ್ತು. ಒಬ್ಬ ಬರಹಗಾರ್ತಿಗೆ ಬೇಕಾದ ಸಂಪೂರ್ಣ ನಿಶ್ಶಬ್ದ ಈಗ ನನಗೆ ಒದಗಿತ್ತು. ಟೇಬಲ್ ಮುಂದೆ ಕೂತು ಒಂದಕ್ಷರ ಬರೆಯಲಾಗಲಿಲ್ಲ. ಬರೆದದ್ದನ್ನು ಓದಿದರೆ ‘ಆ ಡಬ್ಬಿ ಒಮ್ಮೆಯೂ ಖಾಲಿ ಹೋಗಿಲ್ಲ’ ಎಂಬ ವಾಕ್ಯ ನನ್ನನ್ನೇ ನೋಡಿ ನಗುತ್ತಿತ್ತು. ತಲೆಯ ಮೇಲೆ ಟ್ಯಾಂಕು ಖಾಲಿ, ಕಿಂಡಿ ಖಾಲಿ, ಮುಂದಿನ ಹಾಳೆ ಖಾಲಿ.

ಯಜಮಾನರ ಡಿಪ್ಲೊಮ್ಯಾಟಿಕ್ ಸಂಬಂಧ ಮಾತ್ರ ಮುಂದುವರಿದಿತ್ತು. ಜಗಲಿ, ಪೇಪರ್, ಕಾಫಿ, ಯಾವುದಕ್ಕೂ ಕುಂದು ಬಂದಿರಲಿಲ್ಲ. ಭಾನುವಾರ ಅವರೇ ಸುದ್ದಿ ತಂದರು.

“ಗುಬ್ಬಿಯೋರು ಇವತ್ತು ಮತ್ತೆ ಬರ್ತಾರಂತೆ. ಹೋದ ಸಲ ಹುಡುಗನ ತಾಯಿ ಮನಸ್ಸಿಗೆ ಯಾಕೋ ಸರಿಹೋಗ್ಲಿಲ್ವಂತೆ. ಇವತ್ತು ಆದ್ರೆ ಆಯ್ತು, ಇಲ್ಲಾಂದ್ರೆ ಇಲ್ಲ. ನನ್ನ ಬನ್ನಿ ಅಂದಿದ್ದಾರೆ.”

“ನನ್ನ?”

“ನಿಂಗೆ ಬರೆಯೋದಿರುತ್ತೆ, ಡಿಸ್ಟರ್ಬ್ ಮಾಡಬೇಡಿ ಅಂದ್ರು.”

ರೂಪಾಳ ಮದುವೆ ನನ್ನ ಡಬ್ಬಿಯಿಂದ ನಿಂತುಹೋದರೆ? ಆ ಹುಡುಗಿಗೆ ಇಂಗ್ಲಿಷ್ ಅಕ್ಷರ ತಿದ್ದಿಸಿದವಳು ನಾನು. ಎದ್ದೆ. ಶಾಂತಿಗೆ ನನ್ನ ಹತ್ತಿರ ಇರುವ ಅಸ್ತ್ರ ಒಂದೇ, ಕೇಕ್. ಓವನ್ ಹಚ್ಚಿದೆ. ಬೆಣ್ಣೆ, ಸಕ್ಕರೆ ಕಲಸುತ್ತಿದ್ದಂತೆ ಮನಸ್ಸು ಹಗುರಾಯಿತು. ಮನಸ್ಸು ಹಗುರಾದ ಕೂಡಲೇ, ಪಾಪಿ ಪ್ರಬಂಧ, ಮುಂದಿನ ಪ್ಯಾರಾಗ್ರಾಫ್ ತಾನಾಗಿ ಬರತೊಡಗಿತು! ‘ಶಾಂತಿಯನ್ನು ಕೈಯಿಂದ ಮಾಡಬೇಕು, ಬಾಯಿಂದಲ್ಲ...’ ತಲೆ ಅದರ ಹಿಂದೆ ಹೋಯಿತು. ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು.

ಕೇಕ್ ಉಬ್ಬಿ ಬಂತು. ಬಂಗಾರದ ಬಣ್ಣ. ಗಿರಿಜಮ್ಮನ ಡಬ್ಬಿ ನನ್ನ ಹತ್ತಿರ ಇರಲಿಲ್ಲವಲ್ಲ, ಬೇಕರಿಯ ರಟ್ಟಿನ ಬಾಕ್ಸ್ ಒಂದಿತ್ತು, ಅದರಲ್ಲಿ ಇಟ್ಟು ಯಜಮಾನರ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವರು ಮರೆತ ಕನ್ನಡಕಕ್ಕೆ ವಾಪಸ್ ಬಂದರು.

“ಬಾಕ್ಸ್ ನೋಡಿ ಗಿರಿಜಮ್ಮ ಏನಂದ್ರು ಗೊತ್ತಾ? ‘ಪಾತ್ರೆ ವಾಪಸ್ ಕೊಡೋ ಗೋಜೂ ಇಲ್ಲ. ಇನ್ಮೇಲೆ ಕೊಡೋದು ತಗಳೋದು ಮುಗೀತು ಅಂತಾವ್ರೆ ಮೇಡಮ್ಮು’ ಅಂದ್ರು.”

ಅಯ್ಯೋ ದೇವರೇ. ಖಾಲಿ ಪಾತ್ರೆ ಕಳಿಸಿದ್ದು ಅವಮಾನವಾದರೆ, ಬಿಸಾಡುವ ಪಾತ್ರೆ ಕಳಿಸಿದ್ದು ಸಂಬಂಧವನ್ನೇ ಬಿಸಾಡಿದಂತೆ! ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ತಲೆ ಚಚ್ಚಿಕೊಳ್ಳಲು ಅಡಿಗೆಕಟ್ಟೆಯ ಕಡೆ ತಿರುಗಿದೆ.

ಕಟ್ಟೆಯ ಮೇಲೆ ಮೊಟ್ಟೆಯ ಸಿಪ್ಪೆ ಇತ್ತು.

ಕೈ ಅದರ ಪಾಡಿಗೆ ಅದು ಕೆಲಸ ಮಾಡಿತು ಅಂದೆನಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದ ಮೊಟ್ಟೆಯ ಕೇಕನ್ನು ಚಾಚೂ ತಪ್ಪದೆ ಮಾಡಿತ್ತು.

ಈ ವಯಸ್ಸಿನಲ್ಲಿ, ಈ ಮಂಡಿನೋವಿನಲ್ಲಿ ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ನೈಟಿಯ ಮೇಲೆ ಏಪ್ರನ್, ಕಾಲಲ್ಲಿ ಚಪ್ಪಲಿ ಇಲ್ಲ. ಗಿರಿಜಮ್ಮನ ಹಾಲಿನಲ್ಲಿ ಎಲ್ಲರೂ ಕೂತಿದ್ದರು. ಕೇಕನ್ನು ಅವರ ಸ್ಟೀಲ್ ತಟ್ಟೆಗೆ ಎತ್ತಿಟ್ಟು ಕತ್ತರಿಸಲಾಗಿತ್ತು. ಮೊದಲನೇ ತುಂಡು ಹುಡುಗನ ತಾಯಿಯ ಕೈಯಲ್ಲಿತ್ತು. ಕೈ ಬಾಯಿಯ ದಾರಿಯಲ್ಲಿತ್ತು.

“ಎಕ್ಸ್‌ಕ್ಯೂಸ್ ಮಿ,” ಎಂದು ಕಿರುಚಿದೆ.

ಕೈ ನಿಂತಿತು. ನಾನು ಹೋಗಿ ಆ ತುಂಡನ್ನು ಆ ಕೈಯಿಂದ ತೆಗೆದುಕೊಂಡೆ. ತಟ್ಟೆ ಎತ್ತಿಕೊಂಡೆ. ಯಾಕೋ ಚಾಕೂ ಎತ್ತಿಕೊಂಡೆ.

“ಯಾಕ್ರೀ ಮೇಡಮ್?” ಅಂದರು ಗಿರಿಜಮ್ಮ. ಹಿಂದೆ ಬಾಗಿಲಲ್ಲಿ ರೂಪಾ ನಿಂತಿದ್ದಳು.

ಏನು ಹೇಳಲಿ? ‘ಇದರಲ್ಲಿ ಮೊಟ್ಟೆ ಇದೆ’ ಅಂತ ಆ ಜನರ ಎದುರಿಗೆ ಹೇಳಿದರೆ, ಈ ಮನೆಗೆ ದಿನಾ ಇದೇ ಬರುತ್ತೆ ಅಂತ ತಿಳಿಯುವುದಿಲ್ಲವೆ? ಅಲ್ಲಿಗೆ ಸಂಬಂಧ ಮುಗಿಯಿತು. ಬಾಯಿಗೆ ಬಂದದ್ದನ್ನು ಹೇಳಿದೆ.

“ನಮ್ಮ ಯಜಮಾನರಿಗೆ ಬೇಕಂತೆ.”

ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು ಬಂದ ಯಜಮಾನರು ಬಾಗಿಲಲ್ಲಿ ನಿಂತು, ಫ್ಯಾಕ್ಟರಿ ದನಿಯಲ್ಲಿ, “ನಂಗಾ? ನಾನೆಲ್ಲಿ ಕೇಳ್ದೆ?” ಅಂದರು.

“ಕೇಳಿದ್ರಿ. ಅಳ್ತಿದ್ರಿ. ನಡೀರಿ ಮನೆಗೆ.”

ಒಂದು ಕೈಯಲ್ಲಿ ಕೇಕ್, ಒಂದು ಕೈಯಲ್ಲಿ ಚಾಕು, ಮುಂದೆ ಗಂಡ. ಶಾಂತಿಯ ಬಗ್ಗೆ ಬರೆಯುವ ಲೇಖಕಿ ಹೀಗೆ ಬೀದಿಗಿಳಿದಳು. ಎದುರು ಮನೆಯವರು ಗೇಟು ಹಾಕಿಕೊಂಡರು.

ಸಂಜೆವರೆಗೂ ಅಡಿಗೆಮನೆಯಲ್ಲೇ ಕೂತಿದ್ದೆ. ಗುಬ್ಬಿಯವರ ಕಾರು ಹೊರಟ ಸದ್ದು ಕೇಳಿತು. ಆಮೇಲೆ ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಗಿರಿಜಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು.

“ನನ್ ಚಾಕು ಕೊಡಿ.”

ನಾನು ಕಟ್ಟೆಯ ಕಡೆ ಕೈ ತೋರಿಸಿದೆ. ಅವರು ಚಾಕುವಿಗೆ ಕೈ ಚಾಚಿದರು. ಪಕ್ಕದಲ್ಲಿ ಸಿಪ್ಪೆ ಇನ್ನೂ ಅಲ್ಲೇ ಇತ್ತು. ಚಾಚಿದ ಕೈ ಅಲ್ಲೇ ನಿಂತಿತು. ಗಿರಿಜಮ್ಮ ಸಿಪ್ಪೆ ನೋಡಿದರು, ಕೇಕ್ ನೋಡಿದರು, ನನ್ನನ್ನು ನೋಡಿದರು.

“ಇದ್ಕಾ?”

ತಲೆಯಾಡಿಸಿದೆ.

“ಬಾಯಿ ಬುಟ್ಟು ಹೇಳ್ಬಾರ್ದಿತ್ತಾ?”

“ಅವರ ಮುಂದೆ ಹೆಂಗೆ ಹೇಳ್ಲಿ ಗಿರಿಜಮ್ಮ?”

ಅವರು ಮಣೆ ಎಳೆದುಕೊಂಡು ಕೂತರು. ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ನಗುತ್ತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಂಡು, ನಮ್ಮ ಯಜಮಾನರ ಹಾಗೆ “ನಂಗಾ? ನಾನೆಲ್ಲಿ ಕೇಳ್ದೆ?” ಅಂದು, ಮತ್ತೆ ನಕ್ಕರು.

“ಏನಾಯ್ತು? ಅವರು ಏನಂದ್ರು?” ಅಂತ ಕೇಳಿದೆ.

“ಹುಡುಗನ ತಾಯಿ, ‘ಪಕ್ಕದ್ಮನೆಯೋರ ಜತೆ ಜಗಳಾನಾ?’ ಅಂದ್ರು. ನಂಗೂ ಏನೂಂತ ಗೊತ್ತಿಲ್ವಲ್ಲ. ‘ಜಗಳ ಎಲ್ಲೈತೆ, ನಮ್ ಲೀಲಕ್ಕ ಅರೆಬೆಂದಿದ್ದ ಬಂದೋರ್ಗೆ ಕೊಡೋ ಜಾತಿ ಅಲ್ಲ, ಕೇಕು ಬೆಂದಿರಲ್ಲ ಅದ್ಕೇ ತಗಂಡೋದ್ರು. ಮನುಸ್ರು ಅಂದ್ರೆ ಬಂಗಾರ, ಏನೋ ಬರೀತಾವ್ರೆ, ಅದ್ಕೇ ತಲೆ ವಸಿ ಹಂಗಾಗೈತೆ’ ಅಂದೆ.”

ಒಂದು ವಾರದಿಂದ ನನ್ನನ್ನು ಮೇಡಮ್ ಅನ್ನುತ್ತಿದ್ದ ಹೆಂಗಸು, ತನ್ನ ಮಗಳ ಬದುಕು ತೂಗುತ್ತಿರುವಾಗ, ಕಾರಣ ಗೊತ್ತಿಲ್ಲದೆ ನನ್ನ ಪರ ನಿಂತಿದ್ದರು. “ಒಪ್ಪಿದ್ರಾ?” ಅಂತ ಮಾತ್ರ ಕೇಳಿದೆ.

“ಒಪ್ಪಿದ್ರು. ಆವಮ್ಮ ಬಲೇ ಗಟ್ಟಿಗಿತ್ತಿ. ‘ಇಂಥೋರ ಪಕ್ಕದಲ್ಲಿ ಇಷ್ಟು ವರ್ಷ ಬೆಳೆದಿರೋ ಹುಡುಗಿ ನಮ್ಮನೇಲಿ ಎಂಥದ್ದನ್ನ ಬೇಕಾದ್ರೂ ಸುಧಾರಿಸ್ಕಂಡು ಹೋಗ್ತಾಳೆ’ ಅಂದ್ರು.”

ಹೀಗೆ ನಾನು ರೂಪಾಳ ಮದುವೆಗೆ ಕಾರಣಳಾದೆ.

ಗಿರಿಜಮ್ಮ ಎದ್ದರು. “ಚಾಕು?” ಅಂದೆ.

“ಅದೂ ತಟ್ಟೇನೂ ನಿಮ್ಮನೇಲೇ ಇರ್ಲಿ ಬುಡಿ ಲೀಲಕ್ಕ,” ಅಂದರು, ಒಂದು ಹೆಜ್ಜೆ ಹಿಂದೆ ಸರಿದು. ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟುಬಂದಿದ್ದ ಡಬ್ಬಿ ತಂದು ನನ್ನ ಕೈಗಿಟ್ಟರು. ಬೆಚ್ಚಗಿತ್ತು. ಚಾಕು ಕೇಳಲು ಸಿಟ್ಟಿನಿಂದ ಬಂದ ಹೆಂಗಸು ಹೋಳಿಗೆಯನ್ನೂ ತಂದಿದ್ದರು. “ನಾಳೆ ಬೆಳಿಗ್ಗೆ ನೀರು ಬುಡ್ತಾರೆ. ಕೂಗ್ತೀನಿ. ಆ ಬೋರ್ಡ್ ತೆಗೀರಿ ಮೊದ್ಲು.”

ಆ ರಾತ್ರಿಯ ಊಟವಾದ ಮೇಲೆ ಯಜಮಾನರು ಕೇಕ್ ತಿಂದರು. ಕೇಕಿಗಾಗಿ ತಾನು ಅತ್ತ ಸುದ್ದಿ ಊರಿಗೆಲ್ಲ ಹಬ್ಬಿದೆ, ಬಿಡುವುದೇಕೆ ಎಂದು ಪೂರ್ತಿ ತಿಂದರು.

ನಾನು ಹಳೇ ಹಾಳೆ ಹರಿದು, ಗಿರಿಜಮ್ಮನ ಡಬ್ಬಿಯ ಕಥೆಯನ್ನು ನಡೆದದ್ದು ನಡೆದ ಹಾಗೆ ಬರೆದು ಕುಣಿಗಲ್‌ಗೆ ಕಳಿಸಿದೆ. ಮಿಕ್ಸಿ, ಹಾಲಿನವನು, ಮೋಟರು, ಎಲ್ಲದರ ಸದ್ದಿನ ನಡುವೆ ಒಂದೇ ಉಸಿರಿಗೆ ಬರೆದೆ. ಸ್ಟೆಲ್ಲಾಳ ಫೋನ್ ಬಂತು.

“ಲೀಲಾ, ತುಂಬಾ ನಕ್ಕೆ ಕಣೇ. ಆದ್ರೆ ಇದು ಪೀಸ್ ಅಲ್ಲ, ಒಂದು ಕೇಕಿನ ಗಲಾಟೆ. ಪೀಸ್ ಸೆಕ್ಷನ್ನಿಗೆ ಕಮಿಟಿ ಒಪ್ಪಲಿಲ್ಲ.”

“ಹಾಗಾದ್ರೆ ಹಾಕಲ್ವಾ?”

“ಹಾಕಿದೀನಿ, ಹಾಕಿದೀನಿ. ಅಡುಗೆ ವಿಭಾಗದಲ್ಲಿ.”

ಮೊನ್ನೆ ಸುವನೀರ್ ಬಂತು. ಉಪ್ಪಿನಕಾಯಿಗೂ ರವೆ ಉಂಡೆಗೂ ನಡುವೆ ನನ್ನ ಶಾಂತಿ ಇತ್ತು. ಗಿರಿಜಮ್ಮನಿಗೆ ಒಯ್ದುಕೊಟ್ಟೆ. ಜಗಲಿಯಲ್ಲಿ ಕೂತು ರೂಪಾ ಗಟ್ಟಿಯಾಗಿ ಓದಿದಳು, ಗಿರಿಜಮ್ಮ ಅವರೇಕಾಯಿ ಬಿಡಿಸುತ್ತಾ ಕೇಳಿದರು. ಎಲ್ಲೂ ನಗಲಿಲ್ಲ. ಪರೀಕ್ಷೆಯ ರಿಸಲ್ಟಿಗೆ ಕಾಯುವವಳ ಹಾಗೆ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಮುಗಿದ ಮೇಲೆ ಅವರು ಸಿಪ್ಪೆ ಕೊಡವಿ, ಯೋಚನೆ ಮಾಡಿ ಹೇಳಿದರು:

“ಎಲ್ಲಾ ಚೆನ್ನಾಗೈತೆ ಲೀಲಕ್ಕ. ಸಕ್ಕರೆ ಎಷ್ಟು ಹಾಕ್ಬೇಕು ಅಂತ ಬರ್ದೇ ಇಲ್ವಲ್ಲ.”